1729ರ ಕುಟುಂಬ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಂಘಟಕರು ನನಗೆ ‘ಸಾಫ್ಟ್‌ವೇರ್ ಕ್ಷೇತ್ರದಲ್ಲಿ ಉದ್ಯೋಗಾವಕಾಶಗಳು’ ಎಂಬ ವಿಷಯ ಕೊಟ್ಟಿದ್ದರು. ಆ ಮಾಹಿತಿ ಈಗ ಎಲ್ಲರ ಮೊಬೈಲಿನಲ್ಲೂ ಸಿಗುತ್ತದೆ. ಅದಕ್ಕೆ ಅವರ ಒಪ್ಪಿಗೆ ಪಡೆದು ವಿಷಯ ಬದಲಿಸಿಕೊಂಡಿದ್ದೇನೆ. ಈ ಹೊತ್ತು ನಾನು ಒಂದು ಗಣಿತದ ಸಂಗತಿ ಹೇಳುತ್ತೇನೆ. ನಾನು ಗಣಿತಜ್ಞನಲ್ಲ, ಬಿ.ಇ. ಓದಿ ಕಂಪ್ಯೂಟರ್ ಕೆಲಸ ಮಾಡುವವನು. ಆದರೆ ನನ್ನ ಕೆಲಸದ ಒಂದು ಭಾಗ ಈ ಗಣಿತದ ಮೇಲೆ ನಿಂತಿದೆ. ಇದರಲ್ಲಿ ಲೆಕ್ಕ ಮಾಡುವ ಭಾಗಕ್ಕೆ ಇದೇ ಶಾಲೆಯಲ್ಲಿ, ಕನ್ನಡದಲ್ಲಿ, ಹತ್ತನೇ ತರಗತಿಯವರೆಗೆ ಕಲಿತದ್ದು ಸಾಕು. ಅದನ್ನು ತೋರಿಸಬೇಕೆಂಬ ಆಸೆಯಿಂದಲೇ ಈ ವಿಷಯ ಆರಿಸಿಕೊಂಡೆ. ಲೆಕ್ಕ ಬೇಡ ಎನ್ನುವ ಹಿರಿಯರು ಇದನ್ನು ಕಥೆಯಾಗಿ ಕೇಳಿದರೂ ನಡೆಯುತ್ತದೆ.

ಪ್ರತಿ ವರ್ಷ ಡಿಸೆಂಬರ್ 22ರಂದು, ಶ್ರೀನಿವಾಸ ರಾಮಾನುಜನ್ ಹುಟ್ಟಿದ ದಿನ, ನಮ್ಮ ಶಾಲೆಗಳಲ್ಲಿ ಗಣಿತ ದಿನಾಚರಣೆ ನಡೆಯುತ್ತದೆ. ಆ ದಿನ ಯಾರಾದರೊಬ್ಬರು ಟ್ಯಾಕ್ಸಿಯ ಕಥೆ ಹೇಳಿಯೇ ಹೇಳುತ್ತಾರೆ. ಇಂಗ್ಲೆಂಡಿನ ಪಟ್ನಿ ಎಂಬಲ್ಲಿ ರಾಮಾನುಜನ್ ಕಾಯಿಲೆ ಮಲಗಿದ್ದರು. ಅವರನ್ನು ನೋಡಲು ಪ್ರೊಫೆಸರ್ ಹಾರ್ಡಿ ಹೋದರು. ತಾವು ಬಂದ ಟ್ಯಾಕ್ಸಿಯ ನಂಬರು 1729, ಅದರಲ್ಲೇನೂ ಸ್ವಾರಸ್ಯ ಕಾಣಲಿಲ್ಲ ಎಂದರು. ರಾಮಾನುಜನ್ ಕೂಡಲೇ, ಹಾಗಲ್ಲ, ಎರಡು ಘನಗಳ ಮೊತ್ತವಾಗಿ ಎರಡು ಬೇರೆ ಬೇರೆ ರೀತಿಯಲ್ಲಿ ಬರೆಯಬಹುದಾದ ಅತಿ ಚಿಕ್ಕ ಸಂಖ್ಯೆ ಅದು ಎಂದರು. ಒಂದರ ಘನ 1, ಹನ್ನೆರಡರ ಘನ 1728, ಕೂಡಿದರೆ 1729. ಒಂಬತ್ತರ ಘನ 729, ಹತ್ತರ ಘನ 1000, ಕೂಡಿದರೆ ಅದೂ 1729.

ಕಥೆ ಇಲ್ಲಿಗೆ ಮುಗಿಯುತ್ತದೆ, ನಾವು ಚಪ್ಪಾಳೆ ತಟ್ಟುತ್ತೇವೆ. ಕೇಳಿದ ಮಕ್ಕಳಿಗೆ ಏನು ಉಳಿಯುತ್ತದೆ? ರಾಮಾನುಜನ್‌ಗೆ ದೇವರು ಕೊಟ್ಟ ವರ ಇತ್ತು, ನಮಗಿಲ್ಲ ಎಂಬ ಭಾವನೆ ಉಳಿಯುತ್ತದೆ. ಈ ಕಥೆಯಲ್ಲಿ ಬಿಟ್ಟುಹೋದ ಭಾಗವನ್ನು ಹೇಳಿದರೆ ಆ ಭಾವನೆ ಸ್ವಲ್ಪ ಬದಲಾದೀತು ಎಂದು ನನ್ನ ನಂಬಿಕೆ.

ಮೊದಲು ಒಂದು ಪ್ರಶ್ನೆ. 1729ಕ್ಕೆ ಪೂರ್ಣಾಂಕಗಳಲ್ಲಿ ಎರಡು ಉತ್ತರ ಸಿಕ್ಕವು. ಭಿನ್ನರಾಶಿಗಳಿಗೂ ಅವಕಾಶ ಕೊಟ್ಟರೆ? ಋಣ ಸಂಖ್ಯೆಗಳಿಗೂ ಅವಕಾಶ ಕೊಟ್ಟರೆ? ಆಗ ಇನ್ನೂ ಉತ್ತರಗಳಿವೆಯೇ? ಇದ್ದರೆ ಹುಡುಕುವುದು ಹೇಗೆ?

ಪಠ್ಯಪುಸ್ತಕದಲ್ಲಿ ಎಕ್ಸ್, ವೈ ಎಂದಿರುವುದನ್ನು ನಾನು ಈಗ ಅ, ಬ ಎಂದು ಕರೆಯುತ್ತೇನೆ. ನಮ್ಮ ಸಮೀಕರಣ ಹೀಗಿದೆ:

ಅ³ + ಬ³ = 1729

ಇದನ್ನು ಗ್ರಾಫ್ ಹಾಳೆಯ ಮೇಲೆ ಎಳೆದರೆ ಒಂದು ವಕ್ರರೇಖೆ ಬರುತ್ತದೆ. ಅದರ ಮೇಲೆ (1, 12) ಒಂದು ಬಿಂದು, (9, 10) ಇನ್ನೊಂದು ಬಿಂದು. ಈಗ ಸ್ಕೇಲು ಇಟ್ಟು ಈ ಎರಡು ಬಿಂದುಗಳ ಮೂಲಕ ಒಂದು ಸರಳರೇಖೆ ಎಳೆಯೋಣ. ಅ ಎನ್ನುವುದು 1ರಿಂದ 9ಕ್ಕೆ, ಅಂದರೆ 8 ಹೆಚ್ಚಿದಾಗ, ಬ ಎನ್ನುವುದು 12ರಿಂದ 10ಕ್ಕೆ, ಅಂದರೆ 2 ಇಳಿಯುತ್ತದೆ. ಆದ್ದರಿಂದ ಆ ರೇಖೆಯ ಸಮೀಕರಣ ಬ = (49 − ಅ) ÷ 4. ಇದನ್ನು ಮೇಲಿನ ಸಮೀಕರಣದಲ್ಲಿ ಬ ಇರುವ ಜಾಗಕ್ಕೆ ಹಾಕಿ ಸುಲಭೀಕರಿಸಿದರೆ ಹೀಗೆ ಬರುತ್ತದೆ:

3ಅ³ + 7ಅ² − 343ಅ + 333 = 0

ಇದು ಮೂರನೇ ಘಾತದ ಬಹುಪದೋಕ್ತಿ, ಇದಕ್ಕೆ ಮೂರು ಶೂನ್ಯತೆಗಳು. ಹತ್ತನೇ ತರಗತಿಯಲ್ಲಿ ಶೂನ್ಯತೆಗಳಿಗೂ ಸಹಗುಣಕಗಳಿಗೂ ಇರುವ ಸಂಬಂಧ ಓದಿದ್ದೀರಿ. ಅದರ ಪ್ರಕಾರ ಮೂರೂ ಶೂನ್ಯತೆಗಳ ಮೊತ್ತ −7/3. ಎರಡು ನಮಗೆ ಮೊದಲೇ ಗೊತ್ತು, 1 ಮತ್ತು 9. ಅವುಗಳ ಮೊತ್ತ 10. ಹಾಗಾದರೆ ಮೂರನೆಯದು −7/3ರಿಂದ 10 ಕಳೆದಾಗ ಬರುವ −37/3. ಅದಕ್ಕೆ ತಕ್ಕ ಬ ಬೆಲೆ 46/3.

ಸರಿಯೇ ಎಂದು ತಾಳೆ ನೋಡೋಣ. 46ರ ಘನ 97336. 37ರ ಘನ 50653. ಕಳೆದರೆ 46683. ಛೇದ 3ರ ಘನ 27. 46683ನ್ನು 27ರಿಂದ ಭಾಗಿಸಿ. ಸರಿಯಾಗಿ 1729!

ಇಲ್ಲಿ ನಡೆದದ್ದನ್ನು ಗಮನಿಸಿ. ನಮಗೆ ಎರಡು ಉತ್ತರ ಗೊತ್ತಿತ್ತು. ಸ್ಕೇಲಿನಿಂದ ಒಂದು ಗೆರೆ ಎಳೆದೆವು. ಮೂರನೇ ಉತ್ತರ ತಾನಾಗಿ ಬಂತು. ಎರಡು ಶೂನ್ಯತೆಗಳು ಭಾಗಲಬ್ಧ ಸಂಖ್ಯೆಗಳಾಗಿದ್ದರೆ, ಮೊತ್ತವೂ ಭಾಗಲಬ್ಧವಾಗಿದ್ದರೆ, ಮೂರನೆಯದು ಭಾಗಲಬ್ಧವಾಗಲೇಬೇಕು. ಹೊಸ ಉತ್ತರವನ್ನು ಹಳೆಯದರೊಂದಿಗೆ ಸೇರಿಸಿ ಇನ್ನೊಂದು ಗೆರೆ ಎಳೆದರೆ ಇನ್ನೊಂದು ಉತ್ತರ. ಹೀಗೆ ಮಾಡುತ್ತಾ ಹೋದರೆ 1729ಕ್ಕೆ ಉತ್ತರಗಳಿಗೆ ಕೊನೆಯೇ ಇಲ್ಲ.

ಒಂದೇ ಉತ್ತರ ಗೊತ್ತಿದ್ದರೂ ದಾರಿ ಇದೆ. 9 ಎಂಬ ಸಂಖ್ಯೆ ತೆಗೆದುಕೊಳ್ಳಿ. ಒಂದರ ಘನ 1, ಎರಡರ ಘನ 8, ಕೂಡಿದರೆ 9. ಬಿಂದು ಒಂದೇ, (1, 2). ಆ ಬಿಂದುವಿನಲ್ಲಿ ಸ್ಪರ್ಶಕ ಎಳೆಯಬೇಕು. ಸ್ಪರ್ಶಕ ಎಂದರೆ ಎರಡು ಬಿಂದುಗಳು ಒಂದೇ ಕಡೆ ಬಂದು ಕೂಡಿಕೊಂಡಾಗಿನ ಛೇದಕ. ಅದೇ ಲೆಕ್ಕ ಮಾಡಿದರೆ ಸ್ಪರ್ಶಕವು ವಕ್ರರೇಖೆಯನ್ನು ಮತ್ತೆ ಸಂಧಿಸುವ ಜಾಗ (−17/7, 20/7). ತಾಳೆ ನೋಡಿ: 20ರ ಘನ 8000, 17ರ ಘನ 4913, ವ್ಯತ್ಯಾಸ 3087. ಏಳರ ಘನ 343. ಭಾಗಿಸಿದರೆ 9.

ಇಂಥ ವಕ್ರರೇಖೆಗಳಿಗೆ ಎಲಿಪ್ಟಿಕ್ ವಕ್ರಗಳು ಎಂದು ಹೆಸರು. ಎಲಿಪ್ಸ್ ಅಂದರೆ ದೀರ್ಘವೃತ್ತ, ಮೊಟ್ಟೆಯಂಥ ಆಕಾರ. ಆದರೆ ಈ ವಕ್ರಗಳು ದೀರ್ಘವೃತ್ತಗಳಲ್ಲ. ದೀರ್ಘವೃತ್ತದ ಸುತ್ತಳತೆ ಕಂಡುಹಿಡಿಯುವ ಲೆಕ್ಕದಿಂದ ಹುಟ್ಟಿದ ಗಣಿತದ ಮೂಲಕ ಆ ಹೆಸರು ಇವಕ್ಕೆ ಅಂಟಿಕೊಂಡಿತು, ಅಷ್ಟೆ. ಇವುಗಳ ವಿಶೇಷವೆಂದರೆ ಇಲ್ಲಿ ಬಿಂದುಗಳನ್ನೇ ಕೂಡಬಹುದು. ಎರಡು ಬಿಂದುಗಳ ಮೂಲಕ ಗೆರೆ ಎಳೆದು, ಮೂರನೇ ಬಿಂದು ಹುಡುಕಿ, ಅದರ ಅ ಮತ್ತು ಬ ಬೆಲೆಗಳನ್ನು ಅದಲುಬದಲು ಮಾಡಿದರೆ ಬರುವ ಬಿಂದುವೇ ಆ ಎರಡರ ಮೊತ್ತ. (1, 12) ಮತ್ತು (12, 1) ಕೂಡಲು ಹೋದರೆ ಗೆರೆ ವಕ್ರವನ್ನು ಮತ್ತೆಲ್ಲೂ ಮುಟ್ಟುವುದಿಲ್ಲ. ಆಗ ಮೂರನೇ ಬಿಂದು ಅನಂತದಲ್ಲಿದೆ ಎನ್ನುತ್ತೇವೆ. ಆ ಅನಂತದ ಬಿಂದುವೇ ಇಲ್ಲಿ ಸೊನ್ನೆ. 1922ರಲ್ಲಿ ಲೂಯಿ ಮಾರ್ಡೆಲ್ ಎಂಬ ಗಣಿತಜ್ಞರು, ಇಂಥ ಒಂದು ವಕ್ರದ ಭಾಗಲಬ್ಧ ಬಿಂದುಗಳು ಎಷ್ಟೇ ಇರಲಿ, ಅವೆಲ್ಲವನ್ನೂ ಬೆರಳೆಣಿಕೆಯ ಕೆಲವು ಮೂಲ ಬಿಂದುಗಳಿಂದ ಗೆರೆ ಎಳೆದು ಪಡೆಯಬಹುದು ಎಂದು ಸಾಧಿಸಿದರು. ಬೀಜದ ಭತ್ತ ಒಂದು ಹಿಡಿ ಇದ್ದರೆ ಗದ್ದೆಯೆಲ್ಲ ತುಂಬಬಹುದು ಎನ್ನುವ ಹಾಗೆ. 1729ರ ವಕ್ರದಲ್ಲಿ (1, 12) ಮತ್ತು (9, 10) ಒಂದಕ್ಕೊಂದು ಸಂಬಂಧವಿಲ್ಲದ ಎರಡು ಬೀಜಗಳು. ಒಂದರಿಂದ ಎಷ್ಟು ಗೆರೆ ಎಳೆದರೂ ಇನ್ನೊಂದು ಬರುವುದಿಲ್ಲ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಇದುವರೆಗೆ ಒಂದೊಂದೇ ಸಂಖ್ಯೆ ನೋಡಿದೆವು: 1729, 9. ಪ್ರತಿಯೊಂದು ಸಂಖ್ಯೆಗೂ ಮೊದಲಿನಿಂದ ಲೆಕ್ಕ ಮಾಡಬೇಕೇ?

ಹೈಸ್ಕೂಲಿಗೆ ಬಂದ ಮೇಲೆ ಲೆಕ್ಕದಲ್ಲಿ ಅಂಕಿಗಿಂತ ಅಕ್ಷರವೇ ಹೆಚ್ಚಾಗುತ್ತದೆ. ಬಹಳ ಮಕ್ಕಳು ಗಣಿತದ ಕೈ ಬಿಡುವುದು ಅಲ್ಲಿಯೇ. ನನ್ನ ಬ್ಯಾಚಿನಲ್ಲಿ ಒಬ್ಬ ಗೆಳೆಯನಿದ್ದ. ಸಂತೆಯ ದಿನ ಅಪ್ಪನ ಜೊತೆ ಅಂಗಡಿಯಲ್ಲಿ ಕುಳಿತರೆ ಎರಡೂಮುಕ್ಕಾಲು ಕೆಜಿ, ಮೂರೂಕಾಲು ಕೆಜಿ ಲೆಕ್ಕಗಳನ್ನು ಬಾಯಲ್ಲೇ ಹೇಳುತ್ತಿದ್ದ. ನಾವು ಕಾಗದ ಹುಡುಕುವಷ್ಟರಲ್ಲಿ ಅವನು ಚಿಲ್ಲರೆ ಎಣಿಸಿ ಕೊಟ್ಟಿರುತ್ತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದಲ್ಲಿ ಫೇಲಾಗಿ ಓದು ಬಿಟ್ಟ. ಅವನಿಗೆ ಲೆಕ್ಕ ಬರುತ್ತಿತ್ತು. ಲೆಕ್ಕಕ್ಕೆ ಅಕ್ಷರ ಯಾಕೆ ಬೇಕು ಎಂಬುದು ತಲೆಗೆ ಹೋಗುವಷ್ಟರಲ್ಲಿ ವರ್ಷ ಮುಗಿದಿತ್ತು. ಅಂಥ ಮಕ್ಕಳು ಇವತ್ತೂ ಈ ಜಮಖಾನದ ಮೇಲೆ ಕುಳಿತಿದ್ದೀರಿ. ನಿಮಗಾಗಿ ಆ ಅಕ್ಷರದ ಕೆಲಸ ಏನೆಂದು ತೋರಿಸುತ್ತೇನೆ.

9 ಬರೆಯುವಾಗ 1 ಮತ್ತು 2 ಬಳಸಿದೆವು. ಆ 2ರ ಜಾಗದಲ್ಲಿ ತ ಎಂಬ ಅಕ್ಷರ ಇಡಿ. ಆಗ ಸಮೀಕರಣ ಹೀಗಾಗುತ್ತದೆ:

ಅ³ + ಬ³ = 1 + ತ³

ತ ಬೆಲೆ 2 ಎಂದರೆ ಬಲಗಡೆ 9. ತ ಬೆಲೆ 3 ಎಂದರೆ 28. ತ ಬೆಲೆ 12 ಎಂದರೆ ನಮ್ಮ 1729. ಪ್ರತಿ ತ ಬೆಲೆಗೂ ಒಂದು ವಕ್ರ. ಎಲ್ಲ ವಕ್ರಗಳ ಮೇಲೂ (1, ತ) ಎಂಬ ಬಿಂದು ಇದ್ದೇ ಇದೆ. ಆ ಬಿಂದುವಿನಲ್ಲಿ ಸ್ಪರ್ಶಕ ಎಳೆದು, ಅಂಕಿಯ ಬದಲು ಅಕ್ಷರದಲ್ಲೇ ಒಂದು ಸಲ ಲೆಕ್ಕ ಮಾಡಿ ಮುಗಿಸಿ. ಸಿಗುವ ಹೊಸ ಬಿಂದು ಇದು:

ಅ = −(2ತ³ + 1) ÷ (ತ³ − 1)
ಬ = ತ × (ತ³ + 2) ÷ (ತ³ − 1)

ತ ಜಾಗಕ್ಕೆ 2 ಹಾಕಿ: −17/7 ಮತ್ತು 20/7, ಆಗಲೇ ಸಿಕ್ಕಿದ್ದು. 3 ಹಾಕಿ: −55/26 ಮತ್ತು 87/26. 87ರ ಘನದಿಂದ 55ರ ಘನ ಕಳೆದು 26ರ ಘನದಿಂದ ಭಾಗಿಸಿದರೆ 28 ಬರುತ್ತದೆ. 12 ಹಾಕಿದರೆ 1729ಕ್ಕೇ ಇನ್ನೊಂದು ಹೊಸ ಉತ್ತರ. ಒಂದು ಸಲ ಬೆವರು ಹರಿಸಿದರೆ ಸಂಖ್ಯೆಗಳ ಇಡೀ ಸಾಲಿಗೆ ಉತ್ತರ. ಅಕ್ಷರ ಇರುವುದು ನಮ್ಮನ್ನು ಹೆದರಿಸಲಿಕ್ಕಲ್ಲ, ಸಾವಿರ ಸಲ ಮಾಡಬೇಕಾದ ಲೆಕ್ಕವನ್ನು ಒಂದೇ ಸಲ ಮಾಡಿ ಮುಗಿಸಲಿಕ್ಕೆ.

ಹೀಗೆ ಒಂದು ಅಕ್ಷರ ಬದಲಾದಂತೆ ಬದಲಾಗುವ ಎಲಿಪ್ಟಿಕ್ ವಕ್ರಗಳ ಕುಟುಂಬಕ್ಕೆ ಗಣಿತಜ್ಞರು ಎಲಿಪ್ಟಿಕ್ ಫೈಬ್ರೇಶನ್ ಎನ್ನುತ್ತಾರೆ. ಫೈಬರ್ ಅಂದರೆ ಎಳೆ. ಸೀರೆ ಎಂದರೆ ಎಳೆಗಳು ಒತ್ತಾಗಿ ಕೂಡಿದ್ದು. ಹಾಗೆ ವಕ್ರವೆಂಬ ಎಳೆಗಳನ್ನು ಒಂದರ ಪಕ್ಕ ಒಂದು ಜೋಡಿಸಿದರೆ ಒಂದು ಮೇಲ್ಮೈ ಆಗುತ್ತದೆ. ಪ್ರತಿ ಎಳೆಯಲ್ಲೂ ಒಂದೊಂದು ಬಿಂದು ಹಿಡಿಯುತ್ತಾ ಅಡ್ಡಡ್ಡಲಾಗಿ ಹೋಗುವ ದಾರ ನಮ್ಮ (1, ತ).

ಇನ್ನೊಂದು ಹೆಜ್ಜೆ ಮುಂದೆ ಹೋಗೋಣ. −1ಕ್ಕೆ ವರ್ಗಮೂಲ ಇದೆ ಎಂದು ಒಪ್ಪಿಕೊಂಡು ಕಟ್ಟಿದ ಸಂಕೀರ್ಣ ಸಂಖ್ಯೆಗಳನ್ನು ಪಿಯುಸಿಯಲ್ಲಿ ಕಲಿಯುತ್ತೀರಿ. ಅವನ್ನೂ ಸೇರಿಸಿಕೊಂಡು, ಅನಂತದ ಬಿಂದುಗಳನ್ನೂ ಸೇರಿಸಿಕೊಂಡು ನೋಡಿದರೆ ಪ್ರತಿ ಎಲಿಪ್ಟಿಕ್ ವಕ್ರದ ಆಕಾರ ಕೋಡುಬಳೆಯ ಮೇಲ್ಮೈಯಂತೆ ಇರುತ್ತದೆ. ನಗಬೇಡಿ, ನಿಜ. ನಡುವೆ ಒಂದು ತೂತು, ಸುತ್ತ ದುಂಡನೆಯ ಬಳೆ. ಕೋಡುಬಳೆಯನ್ನು ಎರಡು ರೀತಿ ತಿರುಗಿಸಬಹುದು. ಕೈಬಳೆ ತಿರುಗಿಸಿದ ಹಾಗೆ ತೂತಿನ ಸುತ್ತ ತಿರುಗಿಸಬಹುದು. ಹಿಟ್ಟು ಹೊಸೆಯುವ ಹಾಗೆ ಅದರ ದಪ್ಪದ ಸುತ್ತ ಹೊರಳಿಸಬಹುದು. ವಕ್ರದ ಎಲ್ಲ ಬಿಂದುಗಳಿಗೂ ಒಂದೇ ಬಿಂದುವನ್ನು ಕೂಡುವುದು ಎಂದರೆ ಈ ಎರಡೂ ತಿರುವುಗಳನ್ನು ಸೇರಿಸಿ ಮಾಡಿದ ಹಾಗೆ. ಹರಿಯುವುದಿಲ್ಲ, ಸುಕ್ಕಾಗುವುದಿಲ್ಲ, ಪ್ರತಿ ಬಿಂದುವೂ ಜಾಗ ಬದಲಿಸುತ್ತದೆ, ಕೋಡುಬಳೆ ಮಾತ್ರ ಇದ್ದ ಹಾಗೇ ಇರುತ್ತದೆ. ಅಡ್ಡ ದಾರವಾದ (1, ತ)ಯನ್ನು ಎಲ್ಲ ಎಳೆಗಳಲ್ಲೂ ಏಕಕಾಲಕ್ಕೆ ಕೂಡಿದರೆ ಸಾಲಿನಲ್ಲಿರುವ ಕೋಡುಬಳೆಗಳೆಲ್ಲ ತಂತಮ್ಮ ಜಾಗದಲ್ಲೇ ತಿರುಗುತ್ತವೆ. ಯಾವುದೂ ಪಕ್ಕದ್ದರ ಜಾಗಕ್ಕೆ ಹೋಗುವುದಿಲ್ಲ. ಅ ಮತ್ತು ಬ ಅದಲುಬದಲು ಮಾಡುವುದು ಇನ್ನೊಂದು ಪರಿವರ್ತನೆ. ಅದು ಪ್ರತಿ ಕೋಡುಬಳೆಯನ್ನೂ ಮಗುಚಿ ಹಾಕುತ್ತದೆ. ಎಲಿಪ್ಟಿಕ್ ಫೈಬ್ರೇಶನ್ನಿನ ಜ್ಯಾಮಿತೀಯ ಪರಿವರ್ತನೆಗಳು ಎಂದು ದೊಡ್ಡ ಪುಸ್ತಕಗಳಲ್ಲಿ ಬರುವ ವಿಷಯದ ಮೊದಲ ಪಾಠ ಇಷ್ಟೇ.

ಕೋಡುಬಳೆ ಮಾಡುವವರಿಗೆ ಗೊತ್ತು, ಕೆಲವು ಒಡೆಯುತ್ತವೆ. ಈ ಸಾಲಿನಲ್ಲೂ ಹಾಗೆ. ತ ಬೆಲೆ −1 ಆದಾಗ ಬಲಗಡೆ ಸೊನ್ನೆ. ಅ³ + ಬ³ = 0 ಎಂಬುದು ಮೂರು ಅಪವರ್ತನಗಳಾಗಿ ಒಡೆಯುತ್ತದೆ. ಕೋಡುಬಳೆ ಹೋಗಿ ಒಂದೇ ಬಿಂದುವಿನಲ್ಲಿ ಸೇರುವ ಮೂರು ಸರಳರೇಖೆಗಳು ಉಳಿಯುತ್ತವೆ. ಸಂಕೀರ್ಣ ಸಂಖ್ಯೆಗಳಲ್ಲಿ −1ಕ್ಕೆ ಮೂರು ಘನಮೂಲಗಳಿರುವುದರಿಂದ ನಮ್ಮ ಸಾಲಿನಲ್ಲಿ ಇಂಥ ಒಡಕು ಸರಿಯಾಗಿ ಮೂರು ಕಡೆ. ಎಲಿಪ್ಟಿಕ್ ಕುಟುಂಬದಲ್ಲಿ ಎಳೆಗಳು ಯಾವ ಯಾವ ರೀತಿಯಲ್ಲಿ ಒಡೆಯಬಹುದು ಎಂಬ ಪೂರ್ತಿ ಪಟ್ಟಿಯನ್ನು ಜಪಾನಿನ ಕುನಿಹಿಕೊ ಕೊಡೈರಾ 1960ರ ದಶಕದ ಮೊದಲ ಭಾಗದಲ್ಲಿ ಕೊಟ್ಟರು. 1954ರಲ್ಲಿ ಫೀಲ್ಡ್ಸ್ ಪದಕ ಪಡೆದ ಜಪಾನಿನ ಮೊದಲ ಗಣಿತಜ್ಞ ಅವರು. ಪ್ರತಿ ಬಗೆಯ ಒಡಕಿಗೂ ಒಂದು ತೂಕ ಇದೆ. ಮೂರು ರೇಖೆ ಒಂದೇ ಬಿಂದುವಿನಲ್ಲಿ ಸೇರುವ ಒಡಕಿನ ತೂಕ 4. ನಮ್ಮ ಕುಟುಂಬದಲ್ಲಿ ಅಂಥವು ಮೂರು, ಒಟ್ಟು 12. ಈ 12ನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಈಗ ಮತ್ತೆ ರಾಮಾನುಜನ್ ಹತ್ತಿರ ಹೋಗೋಣ. ಅವರು ಇಂಗ್ಲೆಂಡಿಗೆ ಹೊರಟದ್ದು 1914ರಲ್ಲಿ. ಅದಕ್ಕೂ ಮೊದಲೇ ಇಂಡಿಯನ್ ಮ್ಯಾಥಮೆಟಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಓದುಗರಿಗೆ ಘನಗಳ ಬಗ್ಗೆ ಒಂದು ಪ್ರಶ್ನೆ ಹಾಕಿದ್ದರು. ಮೂರು ಘನಗಳ ಮೊತ್ತ ಇನ್ನೊಂದು ಘನವಾಗುವ ಸೂತ್ರ ಅದು, ಎರಡು ಅಕ್ಷರಗಳಲ್ಲಿ ಬರೆದದ್ದು. ಒಂದು ಅಕ್ಷರಕ್ಕೆ 1, ಇನ್ನೊಂದಕ್ಕೆ 0 ಹಾಕಿದರೆ ಅದರಿಂದ 3³ + 4³ + 5³ = 6³ ಬರುತ್ತದೆ. ಅವರ ಅಪ್ರಕಟಿತ ಹಾಳೆಗಳು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಗ್ರಂಥಾಲಯದಲ್ಲಿವೆ. ಅವುಗಳಲ್ಲಿ ಒಂದು ಹಾಳೆಯ ಮೇಲೆ ಈ ಸಾಲುಗಳಿವೆ:

9³ + 10³ = 12³ + 1
6³ + 8³ = 9³ − 1
135³ + 138³ = 172³ − 1
791³ + 812³ = 1010³ − 1

ಮೊದಲ ಸಾಲು ನೋಡಿ. ಅದೇ ನಮ್ಮ 1729! ಎರಡು ಘನಗಳ ಮೊತ್ತ ಮತ್ತೊಂದು ಘನವಾಗಲು ಸಾಧ್ಯವಿಲ್ಲ ಎಂಬುದು ಫರ್ಮಾ ಹೇಳಿದ ಪ್ರಸಿದ್ಧ ಮಾತಿನ ಒಂದು ಭಾಗ. ಆಗುವುದಿಲ್ಲ ಸರಿ, ಆದರೆ ಎಷ್ಟು ಹತ್ತಿರ ಹೋಗಬಹುದು ಎಂದು ರಾಮಾನುಜನ್ ಹುಡುಕುತ್ತಿದ್ದರು. ಒಂದೇ ಒಂದು ಹೆಚ್ಚು, ಇಲ್ಲವೇ ಒಂದೇ ಒಂದು ಕಡಿಮೆ. ಇಂಥವನ್ನು ಕೊನೆಯಿಲ್ಲದಷ್ಟು ತಯಾರಿಸುವ ವಿಧಾನವೂ ಅದೇ ಹಾಳೆಯಲ್ಲಿದೆ.

ಅಂದರೆ ಟ್ಯಾಕ್ಸಿಯ ನಂಬರು ಕೇಳಿದ ಕೂಡಲೇ ಆಕಾಶದಿಂದ ಉತ್ತರ ಇಳಿದದ್ದಲ್ಲ. ಎರಡು ಘನ ಮತ್ತು ಎರಡು ಘನಗಳ ಸಮೀಕರಣ ಅವರು ವರ್ಷಗಟ್ಟಲೆ ಕೈಯಾಡಿಸಿದ ವಿಷಯ. 1729 ಆ ಕುಟುಂಬದ ಒಬ್ಬ ಸದಸ್ಯ. ಬೀದಿಯಲ್ಲಿ ಎದುರಾದ ಹುಡುಗನನ್ನು ನೋಡಿ ನಮ್ಮ ಅಜ್ಜಿ, ನೀನು ಕೆಳಗಿನ ಮನೆಯವರ ಮೊಮ್ಮಗನಲ್ಲವೇ ಎಂದು ಗುರುತು ಹಿಡಿಯುತ್ತಾಳಲ್ಲ, ಹಾಗೆ ಅವರು ಆ ಸಂಖ್ಯೆಯನ್ನು ಗುರುತು ಹಿಡಿದರು. ಅಜ್ಜಿಗೆ ಇಡೀ ಊರು ಗೊತ್ತು, ಅದಕ್ಕೇ ಮುಖ ನೋಡಿ ಮನೆತನ ಹೇಳುತ್ತಾಳೆ. ಕಾಗದಕ್ಕೆ ದುಡ್ಡಿಲ್ಲದೆ ಸ್ಲೇಟಿನ ಮೇಲೆ ಲೆಕ್ಕ ಮಾಡಿ, ಮೊಣಕೈಯಿಂದ ಒರೆಸಿ, ಫಲಿತಾಂಶವನ್ನು ಮಾತ್ರ ನೋಟ್‌ಬುಕ್ಕಿಗೆ ಇಳಿಸುತ್ತಿದ್ದ ಮನುಷ್ಯ ಅವರು. ಅವರ ಪ್ರತಿಭೆ ದೊಡ್ಡದೇ, ಅನುಮಾನವಿಲ್ಲ. ಆದರೆ ಆ ಪ್ರತಿಭೆಯ ಹಿಂದೆ ಸ್ಲೇಟು ಇತ್ತು ಎಂಬುದನ್ನು ಮಕ್ಕಳಿಗೆ ಹೇಳಬೇಕು.

ಕಥೆ ಇನ್ನೂ ಮುಗಿದಿಲ್ಲ. 2015ರಲ್ಲಿ ಅಮೆರಿಕದ ಎಮೊರಿ ವಿಶ್ವವಿದ್ಯಾಲಯದ ಕೆನ್ ಓನೊ ಮತ್ತು ಅವರ ವಿದ್ಯಾರ್ಥಿನಿ ಸಾರಾ ಟ್ರೆಬಟ್-ಲೆಡರ್ ರಾಮಾನುಜನ್ನರ ಈ ಕೆಲಸವನ್ನು ಇಂದಿನ ಗಣಿತದ ಕಣ್ಣಿನಿಂದ ನೋಡಿದರು. ರಾಮಾನುಜನ್ನರ ಸೂತ್ರಗಳ ಒಳಗೆ ಎಲಿಪ್ಟಿಕ್ ವಕ್ರಗಳಿಂದ ನೇಯ್ದ ಒಂದು ವಿಶೇಷ ಮೇಲ್ಮೈ ಅಡಗಿದೆ ಎಂದು ತೋರಿಸಿದರು. ಅದು ಕೆ-3 ಎಂಬ ಜಾತಿಯ ಮೇಲ್ಮೈ. ಆ ಹೆಸರು ಇಟ್ಟದ್ದು 1958ರಲ್ಲಿ, ಆಂದ್ರೆ ವೈಲ್ ಎಂಬ ಫ್ರೆಂಚ್ ಗಣಿತಜ್ಞರು. ಕುಮ್ಮರ್, ಕೇಲರ್, ಕೊಡೈರಾ ಎಂಬ ಮೂವರು ಗಣಿತಜ್ಞರ ಹೆಸರಿನ ಮೊದಲಕ್ಷರದ ಗೌರವಕ್ಕೆ, ಜೊತೆಗೆ ಕಾಶ್ಮೀರದ ಕೆ-2 ಶಿಖರದ ನೆನಪಿಗೆ. ರಾಮಾನುಜನ್ ತೀರಿಕೊಂಡದ್ದು 1920ರಲ್ಲಿ, ಮೂವತ್ತೆರಡನೇ ವಯಸ್ಸಿನಲ್ಲಿ. ಹೆಸರು ಹುಟ್ಟುವುದಕ್ಕೆ ಮೂವತ್ತೆಂಟು ವರ್ಷ ಮೊದಲೇ ತೀರಿಕೊಂಡವರ ಹಾಳೆಯಲ್ಲಿ ಆ ವಸ್ತು ಇತ್ತು.

ಆಗ ಹೇಳಿದ 12 ನೆನಪಿದೆಯೇ? ನಮ್ಮ ಸರಳ ಕುಟುಂಬದಲ್ಲಿ ಒಡಕುಗಳ ಒಟ್ಟು ತೂಕ 12. ಎಲಿಪ್ಟಿಕ್ ಎಳೆಗಳಿಂದ ನೇಯ್ದ ಕೆ-3 ಮೇಲ್ಮೈ ಯಾವುದೇ ಇರಲಿ, ಅದರ ಒಡಕುಗಳ ಒಟ್ಟು ತೂಕ 24. ನಮ್ಮದರ ಸರಿಯಾಗಿ ಎರಡರಷ್ಟು. ನಾವು ಸ್ಕೇಲು ಹಿಡಿದು ಮಾಡಿದ ಕುಟುಂಬ ಮೊದಲ ಮೆಟ್ಟಿಲಾದರೆ ರಾಮಾನುಜನ್ನರದು ಅದರ ಮೇಲಿನ ಮೆಟ್ಟಿಲು. ಅವರ ಮೇಲ್ಮೈಯಿಂದ ಸಿಗುವ ಲಾಭ ಏನೆಂದರೆ, 1729ರ ಹಾಗೆ ಒಂದಕ್ಕೊಂದು ಸಂಬಂಧವಿಲ್ಲದ ಕನಿಷ್ಠ ಎರಡು ಬೀಜಗಳಿರುವ, ಎರಡು ಘನಗಳ ವಕ್ರಗಳು ಕೊನೆಯಿಲ್ಲದಷ್ಟು ಸಿಗುತ್ತವೆ. ಒಂದೊಂದೇ ಸಂಖ್ಯೆ ಹಿಡಿದು ಹುಡುಕಿದರೆ ಇದು ಸಿಗುವ ಮಾತಲ್ಲ. ಕುಟುಂಬವನ್ನು ಒಟ್ಟಿಗೆ ನೋಡಿದ್ದರಿಂದ ಸಿಕ್ಕಿತು.

ಇದರಿಂದ ಏನು ಉಪಯೋಗ ಎಂದು ಊರಿನ ಹಿರಿಯರು ಕೇಳಿಯೇ ಕೇಳುತ್ತಾರೆ. ನನ್ನ ಕೆಲಸಕ್ಕೆ ಸಂಬಂಧ ಬರುವುದು ಇಲ್ಲಿ. 1985ರಲ್ಲಿ ನೀಲ್ ಕೊಬ್ಲಿಟ್ಜ್ ಮತ್ತು ವಿಕ್ಟರ್ ಮಿಲ್ಲರ್ ಎಂಬ ಇಬ್ಬರು, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಎಲಿಪ್ಟಿಕ್ ವಕ್ರಗಳಿಂದ ಗುಟ್ಟು ಕಾಯಬಹುದು ಎಂದು ಹೇಳಿದರು. ಒಂದು ಬಿಂದುವನ್ನು ಅದಕ್ಕೇ ಮತ್ತೆ ಮತ್ತೆ ಕೂಡುತ್ತಾ ಹೋಗಿ. ಎಷ್ಟು ಸಲ ಕೂಡಿದಿರಿ ಎಂಬುದು ನಿಮ್ಮ ಗುಟ್ಟು. ಎಲ್ಲಿಗೆ ತಲುಪಿದಿರಿ ಎಂಬುದನ್ನು ಊರಿಗೆಲ್ಲ ಸಾರಿದರೂ ತೊಂದರೆಯಿಲ್ಲ. ಮುಂದೆ ಹೋಗುವುದು ಕಂಪ್ಯೂಟರಿಗೆ ಕ್ಷಣದ ಕೆಲಸ. ತಲುಪಿದ ಜಾಗ ನೋಡಿ ಎಷ್ಟು ಹೆಜ್ಜೆ ಎಂದು ಹಿಂದಕ್ಕೆ ಎಣಿಸುವ ಸುಲಭ ದಾರಿ ಇವತ್ತಿನ ಕಂಪ್ಯೂಟರುಗಳಿಗೆ ತಿಳಿದಿಲ್ಲ. ನೀವು ವಾಟ್ಸಾಪಿನಲ್ಲಿ ಕಳಿಸುವ ಪ್ರತಿ ಸಂದೇಶದ ಬೀಗದ ಹಿಂದೆ ಇಂಥ ಒಂದು ವಕ್ರ ಇದೆ. ಅಲ್ಲಿ ಭಿನ್ನರಾಶಿ ಬಳಸುವುದಿಲ್ಲ. 2ರ 255ನೇ ಘಾತದಿಂದ 19 ಕಳೆದರೆ ಬರುವ ಭಾರಿ ಅವಿಭಾಜ್ಯ ಸಂಖ್ಯೆಯಿಂದ ಭಾಗಿಸಿ ಶೇಷವನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಗೆರೆ ಎಳೆದು ಮೂರನೇ ಬಿಂದು ಹುಡುಕುವ ಉಪಾಯ ಮಾತ್ರ ನಾವು ಈಗ ಮಾಡಿದ್ದೇ. ಹಾಗೆಂದು ಉಪಯೋಗ ಇರುವುದರಿಂದಲೇ ಇದನ್ನು ಕಲಿಯಿರಿ ಎಂದು ನಾನು ಹೇಳುವುದಿಲ್ಲ. ರಾಮಾನುಜನ್ 1729 ಗುರುತಿಸಿದಾಗ ವಾಟ್ಸಾಪ್ ಇರಲಿಲ್ಲ.

ಶಿಕ್ಷಕರಲ್ಲಿ ನನ್ನ ವಿನಂತಿ ಒಂದಿದೆ. ನಿಮ್ಮ ಮೇಲಿರುವ ಹೊರೆ ನಮಗೆ ಗೊತ್ತು. ಸಿಲೆಬಸ್ ಮುಗಿಸಬೇಕು, ಫಲಿತಾಂಶ ತರಬೇಕು, ಅದರ ನಡುವೆ ನೂರೆಂಟು ಬೇರೆ ಕೆಲಸ. ಆದರೂ ಅಕ್ಷರ ಬರುವ ಪಾಠದ ದಿನ ಒಂದು ಪೀರಿಯಡ್ ಇಂಥ ಲೆಕ್ಕಕ್ಕೆ ಕೊಡಿ. ತ ಜಾಗದಲ್ಲಿ ಮಕ್ಕಳೇ ತಮಗೆ ಬೇಕಾದ ಅಂಕಿ ಹಾಕಿ ತಾಳೆ ನೋಡಲಿ. ಸಂತೆಯಲ್ಲಿ ಬಾಯಿಲೆಕ್ಕ ಮಾಡುವ ಹುಡುಗ ಆ ದಿನ ಎಲ್ಲರಿಗಿಂತ ಮೊದಲು ಮುಗಿಸುತ್ತಾನೆ. ಅಕ್ಷರ ತನ್ನ ಕಡೆಯದು ಎಂದು ಅವನಿಗೆ ಅನ್ನಿಸಿದರೆ ಅವನು ಗಣಿತ ಬಿಡುವುದಿಲ್ಲ.

ಪಾಲಕರಿಗೂ ಒಂದು ಮಾತು. ಕನ್ನಡ ಮಾಧ್ಯಮದಲ್ಲಿ ಓದಿದರೆ ಮುಂದೆ ಕಷ್ಟ ಎಂದು ನೀವು ಹೆದರುತ್ತೀರಿ. ಪಿಯುಸಿಗೆ ಹೋದಾಗ ಇಂಗ್ಲಿಷ್ ಪದಗಳಿಗೆ ಹೊಂದಿಕೊಳ್ಳಲು ನನಗೂ ಕೆಲವು ತಿಂಗಳು ಬೇಕಾಯಿತು. ಆದರೆ ಈ ಹೊತ್ತಿನ ಲೆಕ್ಕದಲ್ಲಿ ನಾನು ಬಳಸಿದ ಬಹುಪದೋಕ್ತಿ, ಶೂನ್ಯತೆ, ಸಹಗುಣಕ, ಸ್ಪರ್ಶಕ, ಛೇದಕ ಎಲ್ಲವೂ ಇದೇ ಶಾಲೆಯ ಕರಿಹಲಗೆಯ ಮೇಲೆ ಕಲಿತ ಪದಗಳು. ಪದ ಬದಲಾಯಿತು, ತಿಳಿವಳಿಕೆ ಹಾಗೇ ಉಳಿಯಿತು.

ನಮ್ಮ ಬ್ಯಾಚಿನವರೆಲ್ಲ ಮಾತಾಡಿಕೊಂಡು ಒಂದು ಚಿಕ್ಕ ಕೆಲಸ ಒಪ್ಪಿಕೊಂಡಿದ್ದೇವೆ. ಮುಖ್ಯೋಪಾಧ್ಯಾಯರೂ ಅನುಮತಿ ಕೊಟ್ಟಿದ್ದಾರೆ. ಶಾಲೆಯ ಜಗಲಿಯ ಗೋಡೆಗೆ ಒಂದು ಹಲಗೆ ಹಾಕಿಸುತ್ತೇವೆ. ಅದರ ಮೇಲೆ ತಿಂಗಳಿಗೊಂದು ಲೆಕ್ಕ ಇರುತ್ತದೆ. ಅದಕ್ಕೆ ಅಂಕ ಇಲ್ಲ, ಬಹುಮಾನವೂ ಇಲ್ಲ. ಒಂದು ತಿಂಗಳು ತಲೆಯಲ್ಲಿ ಇಟ್ಟುಕೊಂಡು ತಿರುಗಾಡುವುದಕ್ಕೆ ಅದು. ಗ್ರಂಥಾಲಯಕ್ಕೆ ಗಣಿತದ ಪುಸ್ತಕಗಳನ್ನು ನಾವು ತಂದುಕೊಡುತ್ತೇವೆ. ಪ್ರತಿ ತಿಂಗಳ ಎರಡನೇ ಶನಿವಾರ ನಮ್ಮಲ್ಲಿ ಒಬ್ಬರು ಬಂದು ಮಕ್ಕಳ ಜೊತೆ ಕುಳಿತು ಆ ಲೆಕ್ಕ ಮಾಡುತ್ತೇವೆ. ಮೊದಲ ತಿಂಗಳ ಸರದಿ ನನ್ನದು.

ಮೊದಲ ಲೆಕ್ಕವನ್ನು ಈಗಲೇ ಹೇಳಿಬಿಡುತ್ತೇನೆ. ಅ³ + ಬ³ = 1729 ಎಂಬ ವಕ್ರದ ಮೇಲೆ (1, 12) ಮತ್ತು (9, 10) ಸೇರಿಸಿ ಗೆರೆ ಎಳೆದೆವು. (9, 10) ಬದಲು (10, 9) ತೆಗೆದುಕೊಂಡು (1, 12)ರ ಜೊತೆ ಗೆರೆ ಎಳೆಯಿರಿ. ಮೂರನೇ ಬಿಂದು ಯಾವುದು? ಛೇದದಲ್ಲಿ 26 ಬರುತ್ತದೆ ಎಂದಷ್ಟೇ ಹೇಳುತ್ತೇನೆ. ಅಂಶಗಳನ್ನು ನೀವು ಕಂಡುಹಿಡಿಯಿರಿ. ಸಿಕ್ಕ ಮೇಲೆ ತಾಳೆ ನೋಡಲು ಮರೆಯಬೇಡಿ.

ನಮ್ಮ ಶಾಲೆ ನೂರು ತುಂಬುವಾಗ ಇಲ್ಲಿ ನಿಂತು ಮಾತಾಡುವವರು ಈಗ ಜಮಖಾನದ ಮೇಲಿದ್ದಾರೆ. ಅವರಿಗೆ ಶುಭವಾಗಲಿ.